ಮಣ್ಣಿನಲ್ಲಿ ನೀರು: ಲೆಕ್ಕ ಮುಂದೆ ಓಡಿತು, ಅಳತೆ ಹಿಂದೆ ಉಳಿಯಿತು

ಸೋರಿದ ಪೆಟ್ರೋಲ್ ಪಕ್ಕದ ಬಾವಿ ತಲುಪಲು ಎಷ್ಟು ವರ್ಷ ಬೇಕು? ಇವತ್ತು ಇದಕ್ಕೆ ಉತ್ತರ ಹೇಳುವುದು ಕಂಪ್ಯೂಟರ್ ಮಾಡೆಲ್. ಒಂದೇ ಜಾಗಕ್ಕೆ ಇಬ್ಬರು ಲೆಕ್ಕ ಹಾಕಿದರೆ ಎರಡು ಉತ್ತರ ಬರುವುದೂ ಉಂಟು. ಸಮೀಕರಣ ಮಾತ್ರ ಇಬ್ಬರದೂ ಒಂದೇ.

ಶುರುವಾಗಿದ್ದು ಬಹಳ ಸರಳವಾಗಿ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿ, ಕೊಳವೆಗೆ ಮರಳು ತುಂಬಿ ನೀರು ಹರಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನೀರಿನ ಮಟ್ಟದ ವ್ಯತ್ಯಾಸ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು. ಮರಳಿನ ಪದರ ಎರಡು ಪಟ್ಟು ದಪ್ಪವಾದರೆ ಹರಿವು ಅರ್ಧ. ಉಳಿದಿದ್ದು ಒಂದೇ ಅಂಕೆ, ಆ ಮರಳು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನೋದು. ಇದನ್ನು ಸುಮ್ನೆ ಊಹಿಸುವ ಹಾಗಿಲ್ಲ. ಜಲ್ಲಿಗೂ ಜೇಡಿಗೂ ಈ ಅಂಕೆಯಲ್ಲಿ ಕೋಟಿ ಪಟ್ಟು ವ್ಯತ್ಯಾಸ ಇರಬಹುದು.

1901ರಲ್ಲಿ ಎಂಜಿನಿಯರ್ ಫೋರ್ಚ್‌ಹೈಮರ್ ಡಾರ್ಸಿಯ ಲೆಕ್ಕಕ್ಕೆ ವೇಗದ ಹರಿವಿನ ತಿದ್ದುಪಡಿ ಸೇರಿಸಿದರು. 1935ರಲ್ಲಿ ಅಂತರ್ಜಲ ತಜ್ಞ ಥೈಸ್, ಪಂಪು ಹಾಕಿದ ಬಾವಿಯ ಸುತ್ತ ನೀರಿನ ಮಟ್ಟ ಹೇಗೆ ಇಳಿಯುತ್ತದೆ ಅನ್ನೋ ಲೆಕ್ಕ ಕೊಟ್ಟರು. ಇಷ್ಟರವರೆಗೆ ದಾರಿ ಹೆಚ್ಚುಕಮ್ಮಿ ನೆಟ್ಟಗಿದೆ.

ಗಂಟು ಬಿದ್ದಿದ್ದು ಅರ್ಧ ಒಣಗಿದ ಮಣ್ಣಿನಲ್ಲಿ. ಅಲ್ಲಿ ರಂಧ್ರಗಳಲ್ಲಿ ನೀರೂ ಇರುತ್ತದೆ, ಗಾಳಿಯೂ ಇರುತ್ತದೆ. ಒಣಗಿದಷ್ಟೂ ಮಣ್ಣು ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹರಿಯುವ ದಾರಿಯೂ ಕಿರಿದಾಗುತ್ತದೆ. ಅಂದರೆ ಡಾರ್ಸಿಯ ಒಂದು ಅಂಕೆ ಈಗ ತೇವಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಗ್ರಾಫಿನಲ್ಲಿ ಎಳೆದರೆ ಅದೊಂದು ಗೆರೆ. ಭೌತವಿಜ್ಞಾನಿ ಬಕಿಂಗ್‌ಹ್ಯಾಮ್ 1907ರಲ್ಲೇ ಇದನ್ನು ಗುರುತಿಸಿದ್ದರು. 1931ರಲ್ಲಿ ರಿಚರ್ಡ್ಸ್ ಇದನ್ನೆಲ್ಲ ಒಂದು ಸಮೀಕರಣಕ್ಕೆ ತಂದರು. ಬರೆದರೆ ಒಂದೇ ಸಾಲು, ಬಿಡಿಸಲು ಕೂತರೆ ಕಂಪ್ಯೂಟರೂ ಕೆಲವೊಮ್ಮೆ ಸುಸ್ತು! ಸಾಲದ್ದಕ್ಕೆ, ಮಣ್ಣು ನೆನೆಯುವಾಗ ಒಂದು ಗೆರೆ, ಒಣಗುವಾಗ ಇನ್ನೊಂದು.

1980ರಲ್ಲಿ ಮಣ್ಣು ವಿಜ್ಞಾನಿ ವಾನ್ ಗೆನುಕ್ಟನ್ ಆ ಗೆರೆಗೆ ಅಚ್ಚುಕಟ್ಟಾದ ಸೂತ್ರ ಕೊಟ್ಟರು. ಕೆಲವೇ ಅಂಕೆ ತುಂಬಿದರೆ ಸಾಕು, ಗೆರೆ ಸಿದ್ಧ. ಅನುಕೂಲ ನಿಜ. ಆದರೆ ಆ ಅಂಕೆಗಳನ್ನು ಅಳೆಯುವ ಕೆಲಸ ನಿಧಾನ, ದುಬಾರಿ. ಹಾಗಾಗಿ ಮಣ್ಣಿನಲ್ಲಿ ಮರಳೆಷ್ಟು, ಜೇಡಿ ಎಷ್ಟು ಎಂದು ನೋಡಿ ಅಂದಾಜು ಮಾಡುವುದು ಜಾಸ್ತಿಯಾಯಿತು. ಅಂದಾಜು ತಪ್ಪಲ್ಲ. ಆದರೆ ಕೊನೆಗೆ ಬಣ್ಣಬಣ್ಣದ ನಕ್ಷೆ ಬಂದಾಗ ಅದು ಅಂದಾಜು ಅನ್ನೋದು ಕಾಣುವುದಿಲ್ಲ, ಅಲ್ವಾ?

ಪೂರ್ತಿ ಒಣಗಿದ ಹೂಕುಂಡಕ್ಕೆ ಒಂದು ಚೊಂಬು ನೀರು ಹಾಕಿ ನೋಡಿ. ಮಣ್ಣು ಕುಗ್ಗಿ ಅಂಚು ಬಿಟ್ಟಿರುತ್ತದೆ. ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ತಳದಿಂದ ಸೋರುತ್ತದೆ. ಬೆರಳು ಹಾಕಿದರೆ ನಡುವಿನ ಮಣ್ಣು ಇನ್ನೂ ಪುಡಿಪುಡಿ. ಹೊಲದಲ್ಲಿ ಬಿರುಕು, ಎರೆಹುಳುವಿನ ತೂತು, ಸತ್ತ ಬೇರಿನ ಜಾಗ ಇದೇ ಕೆಲಸ ಮಾಡುತ್ತವೆ. ಇಡೀ ಮಣ್ಣಿಗೆ ಒಂದೇ ಗೆರೆ ಎಳೆದರೆ ಇದು ಸಿಗುವುದಿಲ್ಲ.

ಅದಕ್ಕೇ ಮಣ್ಣನ್ನು ಎರಡಾಗಿ ನೋಡುವ ಮಾಡೆಲ್‌ಗಳು ಬಂದವು: ಬಿರುಕು ಒಂದು, ಉಳಿದ ಮಣ್ಣು ಇನ್ನೊಂದು. ಈಗ ತುಂಬಬೇಕಾದ ಅಂಕೆಗಳೂ ಸುಮಾರು ಎರಡು ಪಟ್ಟು. ಬಿರುಕಿನಿಂದ ಮಣ್ಣಿಗೆ ನೀರು ಎಷ್ಟು ಬೇಗ ದಾಟುತ್ತದೆ ಎನ್ನುವ ಅಂಕೆಯನ್ನಂತೂ ನೇರವಾಗಿ ಅಳೆಯುವುದೇ ಕಷ್ಟ. ಉತ್ತರ ಸರಿಹೊಂದುವವರೆಗೆ ಅದನ್ನು ಹಿಂದೆಮುಂದೆ ಸರಿಸುವುದು ರೂಢಿ.