ಚಾದ ತಳದಲ್ಲಿ ಉಳಿಯುವ ಔಷಧಿ

ಜಗಳೂರು ಕಡೆಯ ಒಬ್ಬ ತಾಯಿ ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು, ನಮ್ಮ ಮೆಡಿಕಲ್ ಶಾಪಿನಿಂದ ಮಗನಿಗೆ ಮಾನಸಿಕ ಕಾಯಿಲೆಯ ಔಷಧಿ ರಿಸ್ಪೆರಿಡೋನ್ ದ್ರಾವಣ ಒಯ್ಯುತ್ತಾರೆ. ಹೋದ ಸಲ ಬಾಟಲಿ ಚೀಲಕ್ಕೆ ಹಾಕಿಕೊಳ್ಳುತ್ತಾ, "ಅಣ್ಣಾ, ತಪ್ಪದಂಗ ಕೊಡ್ತೀನಿ. ಆದ್ರೂ ರಾತ್ರಿ ನಿದ್ದಿ ಇಲ್ಲ, ಒಬ್ನೇ ಮಾತಾಡ್ತಾನ" ಅಂದರು. ಹೇಗೆ ಕೊಡ್ತೀರಿ ಎಂದೆ. "ಗೊತ್ತಾದ್ರ ಕುಡಿಯಲ್ಲ. ಚಾದಾಗ ಹಾಕ್ತೀನಿ."

ಚಾದ ಒಗರು ಬರುವುದು ಟ್ಯಾನಿನ್‌ನಿಂದ. ಅದು ಕೆಲವು ಔಷಧಿಗಳನ್ನು ಹಿಡಿದುಕೊಂಡು, ಕರಗದ ಸಣ್ಣ ಪುಡಿಯಾಗಿಸುತ್ತದೆ. ಹಾಲಿನ ಚಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಲೋಟದ ತಳದಲ್ಲಿ ಒಂದು ಗುಟುಕು ಬಿಡುವುದು ನಮ್ಮವರ ರೂಢಿ ಅಲ್ವಾ? ಚರಟದ ಜೊತೆ ಔಷಧಿಯೂ ಬಚ್ಚಲಿಗೆ ಹೋಗಬಹುದು. ಈ ದ್ರಾವಣದ 1 ಮಿ.ಲೀ.ನಲ್ಲಿ ಇರುವುದೇ 1 ಮಿ.ಗ್ರಾಂ ಔಷಧಿ. ಎಷ್ಟು ಹೊಟ್ಟೆಗೆ ಹೋಯಿತು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

ರಿಸ್ಪೆರಿಡೋನ್ ದ್ರಾವಣವನ್ನು ನೀರು, ಕಾಫಿ, ಕಿತ್ತಳೆ ರಸ, ಕೆನೆ ತೆಗೆದ ಹಾಲಿನಲ್ಲಿ ಬೆರೆಸಬಹುದು. ಚಾ, ಕೋಲಾ ಬೇಡ. ಇಂಥದೇ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಹನಿಗಳಿಗೆ ಕಾಫಿಯೂ ಆಗದು.

ರಕ್ತಹೀನತೆಗೆ ಕೊಡುವ ಕಬ್ಬಿಣದ ಟಾನಿಕ್ಕಿನದೂ ಇದೇ ಕಥೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದರು. ಅಲ್ಲೂ ಟ್ಯಾನಿನ್ನೇ ಕಬ್ಬಿಣವನ್ನು ಹಿಡಿಯುವುದು. ಟಾನಿಕ್ ಕುಡಿದ ಬಾಯಿರುಚಿ ಹೋಗಲೆಂದು ಮಂಡಕ್ಕಿ ಮೆಣಸಿನಕಾಯಿ ತಿಂದು ಮೇಲೊಂದು ಚಾ ಏರಿಸಿದರೆ ಹೊಟ್ಟೆಯಲ್ಲೂ ಸುಮಾರಾಗಿ ಅದೇ ಮಸಿ. ರಕ್ತಕ್ಕೆ ಸೇರುವುದು ಕಡಿಮೆ. ಎರಡು ತಾಸು ಬಿಟ್ಟು ಕುಡಿಯಿರಿ ಎನ್ನುತ್ತೇನೆ. ಚಾ ಬಿಡಿ ಅಂದರೆ ಯಾರು ಕೇಳ್ತಾರೆ!

ಆ ತಾಯಿಯ ವಿಷಯ ಅಷ್ಟು ಸುಲಭವಲ್ಲ. ಚಾದಲ್ಲಿ ಕೊಡುವುದನ್ನು ಡಾಕ್ಟರಿಗೆ ಹೇಳಿರಲೇ ಇಲ್ಲ. ನಿದ್ದೆ ಇಲ್ಲ ಎಂದಾಗ ಡಾಕ್ಟರು ಡೋಸ್ ಏರಿಸಿದ್ದರು. ಈಗ ಸುಮ್ನೆ ನೀರಿಗೆ ಬದಲಿಸಿದರೆ, ಏರಿಸಿದ ಡೋಸ್ ಪೂರ್ತಿ ಒಮ್ಮೆಲೇ ಮೈಗೆ ಹೋಗುತ್ತದೆ. ತೂಕಡಿಕೆ, ಕೈಕಾಲು ಬಿಗಿತ ಜಾಸ್ತಿ ಆಗಬಹುದು. ಮಗನಿಗೆ ಗೊತ್ತಿಲ್ಲದೆ ಕೊಡುವುದೂ ಡಾಕ್ಟರಿಗೆ ಗೊತ್ತಿರಲೇಬೇಕಾದ ಮಾತು.

"ಹಂಗಾರ ಮಜ್ಜಿಗ್ಯಾಗ ಹಾಕ್ಲಾ?" ಎಂದು ಕೇಳಿದರು. ಮಜ್ಜಿಗೆ ಆ ಪಟ್ಟಿಯಲ್ಲಿಲ್ಲ. ನಾನು ಹೂಂ ಅನ್ನಲಿಲ್ಲ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಡಾಕ್ಟರಿಗೆ ಫೋನ್ ಹಚ್ಚಿದೆ.