ಊರವರೇ ಸೇರಿ ಕಟ್ಟಿದ ಮನೆ ಭೂಕಂಪಕ್ಕೆ ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಮಳವಳ್ಳಿ ಕಡೆಯ ಹಳ್ಳಿ. ಭೂಕಂಪದಲ್ಲಿ ಬಿದ್ದ ಊರನ್ನು ಊರವರೇ ಮತ್ತೆ ಕಟ್ಟಿಕೊಂಡರು ಎಂದು ಕೇಳಿದ್ದೇವೆ. ಕಂಟ್ರಾಕ್ಟರು ಇಲ್ಲದೆ ಕಟ್ಟಿದ ಕಲ್ಲಿನ ಮನೆ ಗಟ್ಟಿ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ. ಕಂಟ್ರಾಕ್ಟರು ಇಲ್ಲದಿದ್ದರೂ ನಡೆದೀತು, ಎಂಜಿನಿಯರ ಕಣ್ಣು ಮಾತ್ರ ಬೇಕೇ ಬೇಕು. 2001ರ ಜನವರಿ 26ರ ಗುಜರಾತಿನ ಕಚ್ಛ್ ಭೂಕಂಪದ ನಂತರ ಬಹಳಷ್ಟು ಕುಟುಂಬಗಳು ತಮ್ಮ ಮನೆ ತಾವೇ ನಿಂತು ಕಟ್ಟಿಸಿಕೊಂಡವು. ಸರ್ಕಾರದ ಹಣ ಕಂತಿನಲ್ಲಿ ಬರುತ್ತಿತ್ತು; ಒಂದು ಹಂತವನ್ನು ಎಂಜಿನಿಯರು ನೋಡಿ ಒಪ್ಪಿದರೆ ಮುಂದಿನ ಕಂತು.

ನಮ್ಮ ಸೀಮೆಗೆ ಭೂಕಂಪ ಬರುವುದಿಲ್ಲ ಎಂದು ನೆಚ್ಚಿ ಕೂರಬೇಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಸತ್ತ ಮಹಾರಾಷ್ಟ್ರದ ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ತೀರ ಕಡಿಮೆ ಅಪಾಯದ ವಲಯದಲ್ಲಿತ್ತು. ಅಲ್ಲಿ ಕೊಂದದ್ದು ಗೋಡೆ. ದಪ್ಪ ಕಲ್ಲುಗೋಡೆ ಎಂದರೆ ಒಳಮೈ, ಹೊರಮೈ ಎಂಬ ಎರಡು ಗೋಡೆ. ನಡುವೆ ಚಕ್ಕೆ, ಮಣ್ಣು. ನೆಲ ಅಲುಗಿದಾಗ ಎರಡೂ ಬಿಟ್ಟುಕೊಂಡು, ಉಬ್ಬಿ, ಕುಸಿದವು. ಮಣ್ಣಿನ ಮಾಳಿಗೆಯ ಭಾರ ಮಲಗಿದ್ದವರ ಮೇಲೆ ಬಿತ್ತು.

ಆದ್ದರಿಂದ ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಗಾರೆ 1 ಪಾಲು ಸಿಮೆಂಟಿಗೆ 6 ಪಾಲು ಮರಳು. ಪ್ರತಿ 2 ಅಡಿ ಎತ್ತರಕ್ಕೊಮ್ಮೆ, 4 ಅಡಿಗೊಂದರಂತೆ, ಎರಡೂ ಮೈಗೆ ಹಾಯುವ ಒಂದೇ ಉದ್ದಗಲ್ಲು ಕೂರಿಸಬೇಕು. ಸೈಜುಗಲ್ಲಿನ ಪಾಯ ಕಟ್ಟಿ ಪಳಗಿದ ನಮ್ಮ ಗಾರೆಯವರಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಉದ್ದಗಲ್ಲು ಆಯ್ದು ತರುವುದು ಬೇಸರವೆಂದು ಎರಡು ಗಿಡ್ಡ ಕಲ್ಲು ಎದುರುಬದುರು ಇಟ್ಟುಬಿಡುವುದುಂಟು. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ. ಉದ್ದಗಲ್ಲಿನ ಎರಡೂ ತುದಿಗೆ ಬಣ್ಣ ಹಚ್ಚಿಸಿ, ಗಿಲಾವಿಗೆ ಮೊದಲು ಎಣಿಸಿ. ಕಲ್ಲು ಸಿಗದಿದ್ದರೆ ಕಾಂಕ್ರೀಟಿನಲ್ಲಿ ಎರಕ ಹೊಯ್ದುಕೊಳ್ಳಬಹುದು.

ಇನ್ನೊಂದು, ಲಿಂಟಲ್ ಬೆಲ್ಟು, ಎಂದರೆ ಬಾಗಿಲು, ಕಿಟಕಿಯ ನೆತ್ತಿಯ ಮಟ್ಟದಲ್ಲಿ ಕಂಬಿ ಇಟ್ಟು ಹಾಕುವ ಕಾಂಕ್ರೀಟು ಪಟ್ಟಿ. ಬಾಗಿಲು, ಕಿಟಕಿಯ ಮೇಲಷ್ಟೇ ಸಾಲದು, ಒಳಗೋಡೆ ಹೊರಗೋಡೆ ಎಲ್ಲವನ್ನೂ ಸುತ್ತಬೇಕು. 3 ಇಂಚು ದಪ್ಪ, 12 ಮಿ.ಮೀ. ಕಂಬಿ ಎರಡು, 6 ಇಂಚಿಗೊಂದು 6 ಮಿ.ಮೀ. ಅಡ್ಡಕೊಂಡಿ. ಕೆಡುವುದು ಮೂಲೆಯಲ್ಲಿ: ಕಂಬಿಯನ್ನು ಅಲ್ಲಿಗೇ ಕತ್ತರಿಸಿ ನಿಲ್ಲಿಸುತ್ತಾರೆ. ಉಡಿದಾರ ಒಂದು ಕಡೆ ತುಂಡಾದರೂ ಜಾರಿಹೋಗುವಂತೆ ಬೆಲ್ಟಿನ ಹಿಡಿತವೆಲ್ಲ ಹೋಯಿತು. ಕಂಬಿ ಬಗ್ಗಿ ಪಕ್ಕದ ಗೋಡೆಗೆ 2 ಅಡಿ ಹಾಯಲೇಬೇಕು. ಕಿಟಕಿ, ಬಾಗಿಲು ಮೂಲೆಯಿಂದ 2 ಅಡಿ ದೂರವಿರಲಿ.

ಕಲ್ಲು ಹೊರಲು, ನೀರುಣಿಸಲು ಮುಯ್ಯಾಳು ಸಾಕು. ಕಂಬಿ ಕಟ್ಟುವುದು, ಮೂಲೆ ಕೂರಿಸುವುದು ಕಲಿತ ಕೈಗೇ ಬಿಡಿ. ಕಾಂಕ್ರೀಟು ಸುರಿಯುವ ಹಿಂದಿನ ಸಂಜೆ ಊರ ಸಮಿತಿಯ ಇಬ್ಬರು ಟೇಪು ಹಿಡಿದು ಪ್ರತಿ ಮೂಲೆಯ ಕಂಬಿಯನ್ನೂ ಅಳೆಯಲಿ. ಮಾರನೆಯ ದಿನಕ್ಕೆ ಅದು ಯಾರ ಕಣ್ಣಿಗೂ ಸಿಗುವುದಿಲ್ಲ.