ದುಡಿಮೆ ಅವಳದು, ಕೂಲಿ ಗಂಡನದು

ಅಮೆರಿಕದ ಮಹಿಳಾ ಹಕ್ಕುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಮತದಾನದ ಹೋರಾಟವೆಂದೇ ಹೇಳಲಾಗುತ್ತದೆ. ಆದರೆ 19ನೇ ಶತಮಾನದ ಸಣ್ಣ ಊರುಗಳ ಹೆಂಗಸರ ಬದುಕನ್ನು ಹತ್ತಿರದಿಂದ ನೋಡಿದರೆ, ಮತದಷ್ಟೇ ತೀವ್ರವಾಗಿ ಅವರನ್ನು ಕಾಡಿದ್ದು ತಾವು ದುಡಿದ ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ.

ಇಂಗ್ಲೆಂಡಿನಿಂದ ಬಂದ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳು ಸ್ವಂತ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವಂತಿರಲಿಲ್ಲ, ದಾವೆ ಹೂಡುವಂತಿರಲಿಲ್ಲ. ಅವಳ ಕೂಲಿ ಗಂಡನಿಗೆ ಸೇರುತ್ತಿತ್ತು. ರೈತರ ಮನೆಯಾಕೆ ಬೆಣ್ಣೆ ಕಡೆದು, ಮೊಟ್ಟೆ ಕೂಡಿಟ್ಟು ಪೇಟೆಯ ಅಂಗಡಿಗೆ ಒಯ್ದು, ಅದಕ್ಕೆ ಬದಲಾಗಿ ಸಕ್ಕರೆ, ಬಟ್ಟೆ ತರುತ್ತಿದ್ದಳು. ಆ ಚಿಕ್ಕ ಆದಾಯವನ್ನು ಅನೇಕ ಮನೆಗಳಲ್ಲಿ ರೂಢಿಯಂತೆ ಅವಳಿಗೇ ಬಿಟ್ಟಿದ್ದರೂ ಕಾನೂನು ಅದನ್ನೂ ಗಂಡನದೆಂದೇ ಎಣಿಸುತ್ತಿತ್ತು.

ಮೊದಲ ಸಡಿಲಿಕೆ ಬಂದದ್ದು ಹೆಣ್ಣಿನ ಮೇಲಿನ ಕಾಳಜಿಯೊಂದರಿಂದಲೇ ಅಲ್ಲ. 1837ರ ಆರ್ಥಿಕ ಕುಸಿತದ ನಂತರ, ಅಳಿಯನ ಸಾಲಕ್ಕೆ ಮಗಳ ಪಾಲಿನ ಆಸ್ತಿ ಜಪ್ತಿಯಾಗದಂತೆ ತಡೆಯುವ ಚಿಂತೆ ಉಳ್ಳವರ ಮನೆಗಳಲ್ಲಿ ಬಲವಾಗಿತ್ತು. ಮಿಸಿಸಿಪಿ ರಾಜ್ಯ 1839ರಲ್ಲಿ ತಂದ ಕಾಯ್ದೆಯ ಹೆಚ್ಚಿನ ಭಾಗ ಗುಲಾಮರ ಒಡೆತನವನ್ನೇ ಕುರಿತದ್ದು. ಒಬ್ಬ ಹೆಣ್ಣಿನ ಆಸ್ತಿಹಕ್ಕು ಇನ್ನೊಬ್ಬ ಹೆಣ್ಣಿನ ದಾಸ್ಯದ ಮೇಲೆ ನಿಂತಿತ್ತೆಂಬುದನ್ನು ಮರೆಯಲಾಗದು. ನ್ಯೂಯಾರ್ಕ್ ರಾಜ್ಯ 1848ರ ಏಪ್ರಿಲ್‌ನಲ್ಲಿ ತವರಿನಿಂದ ತಂದ ಆಸ್ತಿಯನ್ನು ಹೆಂಡತಿಗೇ ಉಳಿಸಿತು, ಆದರೆ ಕೂಲಿಯ ವಿಷಯವನ್ನು ಮುಟ್ಟಲಿಲ್ಲ. ಆಸ್ತಿಯೇ ಇಲ್ಲದ ಬಡ ಹೆಂಗಸಿಗೆ ಅದರಿಂದ ಸಿಕ್ಕಿದ್ದು ಬಹಳ ಕಡಿಮೆ.

ಅದೇ ವರ್ಷದ ಜುಲೈ 19 ಮತ್ತು 20ರಂದು, ಅದೇ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರಿನ ವೆಸ್ಲಿಯನ್ ಪ್ರಾರ್ಥನಾ ಮಂದಿರದಲ್ಲಿ ಮಹಿಳಾ ಹಕ್ಕುಗಳ ಸಭೆಗೆ ಸುಮಾರು 300 ಜನ ಸೇರಿದರು. ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಜೊತೆಗಾರ್ತಿಯರು ಸಿದ್ಧಪಡಿಸಿದ ಘೋಷಣೆ, ಪುರುಷನು ಹೆಣ್ಣಿನ ಆಸ್ತಿಯನ್ನಷ್ಟೇ ಅಲ್ಲ, ಅವಳು ದುಡಿದ ಕೂಲಿಯನ್ನೂ ಕಸಿದುಕೊಂಡಿದ್ದಾನೆಂದು ನೇರವಾಗಿ ಆರೋಪಿಸಿತು. 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಷಾರ್ಲೆಟ್ ವುಡ್‌ವರ್ಡ್ ಎಂಬ ಹದಿಹರೆಯದ ಹುಡುಗಿಯೂ ಇದ್ದಳು. ಮನೆಯಲ್ಲೇ ಕುಳಿತು ಕೈಗವಸು ಹೊಲಿಯುತ್ತಿದ್ದ ಅವಳಿಗೆ ಕೂಲಿಯ ಮಾತು ಬರೀ ಸಿದ್ಧಾಂತವಾಗಿರಲಿಲ್ಲ. ಸಭೆಯಲ್ಲಿ ಸರ್ವಾನುಮತ ಸಿಗದ ಏಕೈಕ ನಿರ್ಣಯ ಮತದಾನದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಾಸ್ ಈ ನಿರ್ಣಯದ ಪರವಾಗಿ ಮಾತನಾಡಿದ ಮೇಲೆಯೇ ಅದು ಅಂಗೀಕಾರವಾಯಿತು.

ಸ್ವಂತ ಕೂಲಿಯನ್ನು ಇಟ್ಟುಕೊಳ್ಳುವ ಹಕ್ಕನ್ನು ನ್ಯೂಯಾರ್ಕ್ ಕೊಟ್ಟದ್ದು 1860ರಲ್ಲಿ. ಅದರ ಹಿಂದೆ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸೂಸನ್ ಬಿ. ಆಂಥೊನಿ ಊರೂರು ತಿರುಗಿ ಮನವಿಗಳಿಗೆ ಸಹಿ ಕೂಡಿಸಿದ ಶ್ರಮವಿತ್ತು. ಪಶ್ಚಿಮದ ವಯೋಮಿಂಗ್ 1869ರಲ್ಲೇ ಹೆಂಗಸರಿಗೆ ಮತ ಕೊಟ್ಟಿತು. 1887ರಲ್ಲಿ ಕಾನ್ಸಾಸ್‌ನ ಆರ್ಗೋನಿಯಾದಲ್ಲಿ ಕೆಲವು ಗಂಡಸರು ಅವಮಾನಿಸುವ ಉದ್ದೇಶದಿಂದ 27ರ ಸುಸಾನಾ ಸಾಲ್ಟರ್ ಹೆಸರನ್ನು ಅಭ್ಯರ್ಥಿಗಳ ಪಟ್ಟಿಗೆ ಸೇರಿಸಿದರು. ಊರು ಆಕೆಯನ್ನು ಮೇಯರ್ ಆಗಿ ಗೆಲ್ಲಿಸಿತು.

1920ರಲ್ಲಿ ಮತದಾನದ ಹಕ್ಕು ಸಂವಿಧಾನಕ್ಕೆ ಸೇರಿದ ಮೇಲೂ ಹಣದ ಪ್ರಶ್ನೆ ಮುಗಿಯಲಿಲ್ಲ. ಸ್ವಂತ ಸಂಬಳವಿದ್ದ ಹೆಂಗಸರಿಂದಲೂ ಸಾಲಕ್ಕೆ ಗಂಡನ ಸಹಿ ಕೇಳುವ ಪದ್ಧತಿ ಬ್ಯಾಂಕುಗಳಲ್ಲಿ ಮುಂದುವರಿದಿತ್ತು. ಸಾಲ ನೀಡಿಕೆಯಲ್ಲಿ ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದ ತಾರತಮ್ಯವನ್ನು ನಿಷೇಧಿಸುವ ಕಾಯ್ದೆಯನ್ನು ಅಮೆರಿಕ ಸಂಸತ್ತು ಅಂಗೀಕರಿಸಿದ್ದು 1974ರಲ್ಲಿ.